ಏರ್‌ಫೀಲ್ಡ್ ಕಣ್ಮರೆಯಾದ ಮೇಲೆ

(ಗ್ಲೈಡಿಂಗ್ ಬೋಧಕರು ಮತ್ತು ಹೊಸ ಪೈಲಟ್‌ಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಸೋಲೋ ಆದ ದಿನ, ಅಂದರೆ ಬೋಧಕರಿಲ್ಲದೆ ಮೊದಲ ಸಲ ಒಬ್ಬರೇ ಹಾರಿದ ದಿನ, ಬೆನ್ನು ತಟ್ಟಲು ಹತ್ತು ಜನ ಓಡಿ ಬರುತ್ತಾರೆ. ಫೋಟೋ ತೆಗೆಯುತ್ತಾರೆ. ಎರಡು ವರ್ಷ ಕಳೆದರೂ ಅದೇ ಪೈಲಟ್ ಅದೇ ರನ್‌ವೇ ಮೇಲೆ ಸುತ್ತು ಹೊಡೆಯುತ್ತಿದ್ದರೆ, ಯಾಕೆ, ಏನಾಯ್ತು ಅಂತ ಕೇಳಲು ಒಬ್ಬರೂ ಇರುವುದಿಲ್ಲ. ಮೊದಲು ವಾರ ವಾರ ಬರುತ್ತಿದ್ದವರು ತಿಂಗಳಿಗೊಮ್ಮೆ ಬರುತ್ತಾರೆ. ಆಮೇಲೆ ಕ್ಲಬ್ಬಿನ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಇರುತ್ತಾರೆ. ಒಂದು ದಿನ ಅಲ್ಲಿಂದಲೂ ಸದ್ದಿಲ್ಲದೆ ಹೊರಗೆ ಹೋಗುತ್ತಾರೆ.

ಅವರಿಗೆ ಹಾರಲು ಬರುವುದಿಲ್ಲ ಅಂತಲ್ಲ. ಹಾರಲು ಚೆನ್ನಾಗಿಯೇ ಬರುತ್ತದೆ. ನಾವು ಅವರನ್ನು ಬಾಗಿಲ ತನಕ ಕರೆದುಕೊಂಡು ಬಂದೆವು, ಹೊಸ್ತಿಲು ದಾಟಿಸಲಿಲ್ಲ. ಇವತ್ತು ನಾನು ಮಾತಾಡುವುದು ಆ ಹೊಸ್ತಿಲಿನ ಬಗ್ಗೆ, ಏರ್‌ಫೀಲ್ಡ್ ಬಿಟ್ಟು ದೂರ ಹಾರುವುದರ ಬಗ್ಗೆ.

ಗ್ಲೈಡಿಂಗ್ ಗೊತ್ತಿಲ್ಲದ ಕೆಲವರೂ ಇಲ್ಲಿ ಕೂತಿದ್ದೀರಿ, ನಿಮಗೆ ಎರಡು ಮಾತು. ಗ್ಲೈಡರ್‌ಗೆ ಇಂಜಿನ್ ಇಲ್ಲ. ನೆಲದ ಮೇಲಿಂದ ಹಗ್ಗ ಸುತ್ತಿ ಎಳೆಯುವ ವಿಂಚ್ ಯಂತ್ರ ಅಥವಾ ಬೇರೆ ವಿಮಾನ ಅದನ್ನು ಮೇಲಕ್ಕೆ ಎಳೆದು ಬಿಡುತ್ತದೆ. ಬಿಸಿಲಿಗೆ ಕಾದ ನೆಲದಿಂದ ಬಿಸಿ ಗಾಳಿ ಮೇಲೇಳುತ್ತದಲ್ಲ, ಅದು ಥರ್ಮಲ್. ಅದರೊಳಗೆ ಹದ್ದಿನ ಹಾಗೆ ಸುತ್ತಿ ಎತ್ತರ ಗಳಿಸಬೇಕು. ಆ ಎತ್ತರವನ್ನು ಖರ್ಚು ಮಾಡುತ್ತಾ ಮುಂದಿನ ಥರ್ಮಲ್‌ವರೆಗೆ ಜಾರಬೇಕು. ಹೀಗೆ ಏರುತ್ತಾ ಜಾರುತ್ತಾ ಮನೆ ಬಿಟ್ಟು ದೂರ ಹೋಗಿ ಬರುವುದು ಕ್ರಾಸ್ ಕಂಟ್ರಿ. ಅದನ್ನೇ ಯಾರು ಬೇಗ ಮುಗಿಸುತ್ತಾರೆ ನೋಡೋಣ ಅಂದರೆ ಸ್ಪರ್ಧೆ.

ಈ ಹೊಸ್ತಿಲಿನ ಭಯ ಹೊಸದೇನಲ್ಲ. ಜರ್ಮನಿಯ ವಾಸರ್‌ಕುಪ್ಪೆ ಬೆಟ್ಟದಲ್ಲಿ 1920ರಲ್ಲಿ ಸ್ಪರ್ಧೆಗಳು ಶುರುವಾದಾಗ ಎಲ್ಲರೂ ಗುಡ್ಡದ ಇಳಿಜಾರಿಗೆ ಬಡಿದು ಮೇಲೇಳುವ ಗಾಳಿಯನ್ನೇ ನಂಬಿಕೊಂಡಿದ್ದರು. ಗುಡ್ಡ ಬಿಟ್ಟರೆ ಕೆಳಗೆ ಇಳಿಯುವುದೇ ಗತಿ. 1929ರಲ್ಲಿ ರಾಬರ್ಟ್ ಕ್ರೋನ್‌ಫೆಲ್ಡ್ 100 ಕಿ.ಮೀ. ದಾಟಿದಾಗ ಜನ ಬೆರಗಾದರು. 2003ರಲ್ಲಿ ಕ್ಲೌಸ್ ಓಲ್ಮನ್ ಅರ್ಜೆಂಟೀನಾದಲ್ಲಿ ಆಂಡೀಸ್ ಪರ್ವತ ದಾಟುವ ಗಾಳಿಯ ಅಲೆಗಳ ಮೇಲೆ 3000 ಕಿ.ಮೀ.ಗಿಂತ ಜಾಸ್ತಿ ಹಾರಿದರು. ಅದು ಬೇರೆ ಲೋಕ ಬಿಡಿ. ನಮಗೆ ಸದ್ಯಕ್ಕೆ ಬೇಕಿರುವುದು 50 ಕಿ.ಮೀ. ಗ್ಲೈಡರ್ ಪೈಲಟ್‌ಗಳ ಸಾಧನೆಗೆ ಕೊಡುವ ಬೆಳ್ಳಿ ಬ್ಯಾಡ್ಜ್‌ಗೆ ಅಷ್ಟೇ ದೂರ ಸಾಕು, ಜೊತೆಗೆ 5 ಗಂಟೆ ಹಾರಾಟ, 1000 ಮೀಟರ್ ಎತ್ತರದ ಗಳಿಕೆ. ಮೂರರಲ್ಲಿ ಜನ ಹೆದರುವುದು 50 ಕಿ.ಮೀ.ಗೆ. ನನ್ನನ್ನು ಕೇಳಿದರೆ ನಿಜವಾಗಿ ಕಷ್ಟ ಆ 5 ಗಂಟೆ. ಬೆನ್ನು, ಬಾಯಾರಿಕೆ, ಆಮೇಲೆ ಇನ್ನೊಂದು ವಿಷಯ, ಎಲ್ಲರೂ ನನ್ನನ್ನು ಪಕ್ಕಕ್ಕೆ ಕರೆದು ಪಿಸುಮಾತಿನಲ್ಲಿ ಕೇಳುವಂಥದ್ದು. ಅದಕ್ಕೆ ಚೀಲ ಸಿಗುತ್ತದೆ, ಒಯ್ಯಿರಿ. ನೀರು ಕುಡಿಯದೆ ಇರುವುದು ಮಾತ್ರ ಪರಿಹಾರ ಅಲ್ಲ. ಬಾಯಾರಿದ ಪೈಲಟ್ ತಪ್ಪು ನಿರ್ಧಾರ ಮಾಡುತ್ತಾನೆ, ತಪ್ಪಾಯ್ತು ಅಂತ ಅವನಿಗೆ ಗೊತ್ತೂ ಆಗುವುದಿಲ್ಲ.

ಈಗ ಒಂದು ಕಾಗದ ತೆಗೆದುಕೊಳ್ಳಿ. ಮಧ್ಯದಲ್ಲಿ ಏರ್‌ಫೀಲ್ಡ್ ಗುರುತು ಹಾಕಿ.

ನಾವೆಲ್ಲ ಕಲಿತ ಎರಡು ಸೀಟಿನ ಎಎಸ್‌ಕೆ 21 ಗ್ಲೈಡರನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಅದು 1 ಮೀಟರ್ ಇಳಿಯುವುದರೊಳಗೆ 34 ಮೀಟರ್ ಮುಂದೆ ಹೋಗುತ್ತದೆ. ಅದು ತಯಾರಕರ ಲೆಕ್ಕ, ನಿಶ್ಚಲ ಗಾಳಿಯಲ್ಲಿ, ತೊಳೆದ ರೆಕ್ಕೆಯಲ್ಲಿ. ಎದುರುಗಾಳಿ ಇದೆ, ಕೆಳಗೆ ತಳ್ಳುವ ಗಾಳಿ ಇದೆ, ನಮ್ಮ ಕೈ ಇನ್ನೂ ಪಳಗಿಲ್ಲ. ಹಾಗಾಗಿ ಅರ್ಧ ಮಾಡಿ, 17. ನೀವು ಫೀಲ್ಡ್‌ಗಿಂತ 1000 ಮೀಟರ್ ಮೇಲಿದ್ದೀರಿ. ಅದರಲ್ಲಿ 300 ಮೀಟರ್ ಸರ್ಕ್ಯೂಟ್‌ಗೆ, ಅಂದರೆ ಇಳಿಯುವ ಮುಂಚಿನ ಸುತ್ತಿಗೆ, ಎತ್ತಿಡಿ, ಅದನ್ನು ಮುಟ್ಟುವ ಹಾಗಿಲ್ಲ. ಉಳಿದ 700ಕ್ಕೆ 17ರ ಲೆಕ್ಕದಲ್ಲಿ ಸುಮಾರು 12 ಕಿ.ಮೀ. ಅಂದರೆ 12 ಕಿ.ಮೀ. ದೂರದಿಂದಲೂ ಆರಾಮಾಗಿ ಮನೆಗೆ ಬರಬಹುದು.

ಇನ್ನು ಫೀಲ್ಡ್‌ನಿಂದ 10 ಕಿ.ಮೀ. ದೂರದಲ್ಲಿ ಮೂರು ಕಡೆ ಮೂರು ಗುರುತು ಹುಡುಕಿ. ಒಂದು ಕೆರೆ, ಒಂದು ರಸ್ತೆ ಕೂಡುವ ಜಾಗ, ಒಂದು ಕಾರ್ಖಾನೆ, ಏನಾದರೂ ಸರಿ. ಮೂರನ್ನೂ ಗೆರೆ ಎಳೆದು ಸೇರಿಸಿ. ಸಮ ತ್ರಿಕೋನ ಆದರೆ ಒಂದೊಂದು ಬದಿ 17 ಕಿ.ಮೀ. ಮೇಲೆ ಸ್ವಲ್ಪ. ಸುತ್ತಿ ಬಂದರೆ 52 ಕಿ.ಮೀ.! ಮೂಲೆಯಲ್ಲಿದ್ದಾಗ ಫೀಲ್ಡ್ 10 ಕಿ.ಮೀ. ದೂರ, ಬದಿಯ ಮಧ್ಯಕ್ಕೆ ಬಂದಾಗ ಬರೀ 5. ಮೂಲೆ ಸುತ್ತುವಾಗ 900 ಮೀಟರ್, ಮಧ್ಯದಲ್ಲಿ 600 ಮೀಟರ್ ಇದ್ದರೆ ಇಡೀ ದಾರಿ ಮನೆಯ ಅಂಗಳದಲ್ಲೇ ಇದ್ದ ಹಾಗೆ.

ಬ್ಯಾಡ್ಜ್‌ಗೆ ಇದು ನಡೆಯುವುದಿಲ್ಲ, ಅಲ್ಲಿ ನೇರವಾಗಿ 50 ಕಿ.ಮೀ. ಹೋಗಬೇಕು. ನನಗೆ ಬೇಕಾದದ್ದು ಬ್ಯಾಡ್ಜ್ ಅಲ್ಲ, ಅಭ್ಯಾಸ. ಒಬ್ಬ ಹುಡುಗಿಗೆ ಈ ತ್ರಿಕೋನ ಕೊಟ್ಟು ಕಳಿಸಿದ್ದೆ. ಸಂಜೆ ಇಳಿದು ಬಂದವಳು ಮುಖ ಸಣ್ಣಗೆ ಮಾಡಿಕೊಂಡು, "ಸರ್, ನಾನು ಎಲ್ಲಿಗೂ ಹೋಗಲೇ ಇಲ್ಲ, ಇಲ್ಲೇ ಸುತ್ತಾಡಿದೆ" ಅಂದಳು. ಹಾರಿದ ದಾರಿ ದಾಖಲಿಸುವ ಲಾಗರ್ ತೆಗೆದು ನೋಡಿದರೆ ಎರಡು ಸುತ್ತು, 104 ಕಿ.ಮೀ. ಸ್ಕ್ರೀನನ್ನು ಅವಳ ಕಡೆ ತಿರುಗಿಸಿದೆ. ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು. ಮುಂದಿನ ವಾರ ಅವಳೇ ನಕ್ಷೆ ಹಿಡಿದು ಬಂದಳು, ಈ ಸಲ ಮೂಲೆಗಳು 20 ಕಿ.ಮೀ. ದೂರದಲ್ಲಿದ್ದವು.

ಇನ್ನು ದೊಡ್ಡ ಗುಮ್ಮ. ಔಟ್‌ಲ್ಯಾಂಡಿಂಗ್. ಥರ್ಮಲ್ ಸಿಗದೆ ಯಾರದೋ ಹೊಲದಲ್ಲಿ ಇಳಿಯಬೇಕಾಗಿ ಬಂದರೆ?

ನನ್ನ ಮೊದಲನೆಯದನ್ನೇ ಹೇಳುತ್ತೇನೆ, ಮುಚ್ಚಿಡುವಂಥದ್ದೇನಿಲ್ಲ. ಮಧ್ಯಾಹ್ನ ಮೂರೂವರೆ. ಮೇಲೆ ಮೋಡ ಹರಡಿಕೊಂಡು ನೆಲಕ್ಕೆ ಬಿಸಿಲು ಬೀಳುವುದು ನಿಂತಿತ್ತು. ನಿಯಮ ನನಗೆ ಬಾಯಿಪಾಠ: 600 ಮೀಟರ್‌ಗೆ ಬಂದಾಗ ಇಳಿಯಲು ಒಳ್ಳೆಯ ಪ್ರದೇಶದ ಮೇಲಿರಬೇಕು, 450ಕ್ಕೆ ಇದೇ ಹೊಲ ಅಂತ ಆರಿಸಿರಬೇಕು, 300ಕ್ಕೆ ಸರ್ಕ್ಯೂಟ್ ಶುರು, ಆಮೇಲೆ ಎಂಥ ಥರ್ಮಲ್ ಬಂದರೂ ತಿರುಗಿ ನೋಡಬಾರದು. ಆವತ್ತು ಮಾಡಿದ್ದೇನು? 450ರಲ್ಲಿ ವೇರಿಯೋ, ಅಂದರೆ ಏರುತ್ತಿದ್ದೇವಾ ಇಳಿಯುತ್ತಿದ್ದೇವಾ ತೋರಿಸುವ ವೇರಿಯೋಮೀಟರ್, ಒಮ್ಮೆ ಕೀ ಅಂತು. ತಿರುಗಿಸಿದೆ. ಅರ್ಧ ಸುತ್ತಿನಲ್ಲಿ ಏರಿದೆ, ಉಳಿದ ಅರ್ಧದಲ್ಲಿ ಇಳಿದೆ. ಮತ್ತೊಂದು ಸುತ್ತು. ಈಗ ಸಿಗುತ್ತೆ, ಈಗ ಸಿಗುತ್ತೆ. ಕಣ್ಣು ಮುಳ್ಳಿನ ಮೇಲೆ. ತಲೆ ಎತ್ತಿ ನೋಡಿದಾಗ ಮರಗಳಲ್ಲಿ ಎಲೆ ಬೇರೆ ಬೇರೆ ಕಾಣುತ್ತಿದ್ದವು. 200 ಮೀಟರ್. ಎದುರಿಗೆ ಯಾವುದು ಕಂಡಿತೋ ಅದೇ ಹೊಲ, ಗ್ಲೈಡರನ್ನು ಬೇಗ ಕೆಳಗಿಳಿಸುವ ರೆಕ್ಕೆಯ ಏರ್‌ಬ್ರೇಕ್ ಎಳೆದೆ, ಇಳಿದೆ. ಗ್ಲೈಡರ್‌ಗೆ ಒಂದು ಗೀರೂ ಆಗಲಿಲ್ಲ. ನನಗೆ ಹೆಮ್ಮೆಯೋ ಹೆಮ್ಮೆ.

ಗ್ಲೈಡರನ್ನು ಬಿಚ್ಚಿ ರಸ್ತೆಯಲ್ಲಿ ಮನೆಗೆ ಒಯ್ಯಲು ನನ್ನ ಕೋಚ್ ಟ್ರೇಲರ್ ತಂದರು. ಬೈಯಲಿಲ್ಲ. "ಈ ಹೊಲ ಎಷ್ಟು ಎತ್ತರದಲ್ಲಿ ಆರಿಸಿದೆ?" ಅಂತ ಕೇಳಿದರು. ನಿಜ ಹೇಳಿದೆ. ಅವರು ಏನೂ ಅನ್ನದೆ ನನ್ನನ್ನು ನಾನು ಹಾದುಬಂದ ತುದಿಗೆ ನಡೆಸಿಕೊಂಡು ಹೋದರು. ಅಲ್ಲಿ ಎರಡು ಕಂಬ, ನಡುವೆ ಒಂದೇ ಒಂದು ತಂತಿ. ಅದರ ಮೇಲೆ ಹಾದು ಬಂದಿದ್ದೆ, ಎಷ್ಟು ಮೇಲೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಅದನ್ನು ನೋಡಿಯೇ ಇರಲಿಲ್ಲ.

ಮೇಲಿಂದ ತಂತಿ ಕಾಣುವುದಿಲ್ಲ. ಕಂಬ ಹುಡುಕಬೇಕು, ಕಂಬದ ಸಾಲು ಎತ್ತ ಹೋಗುತ್ತದೆ ನೋಡಬೇಕು. ಇಳಿಜಾರೂ ಹಾಗೇ. ಮೇಲಿಂದಲೇ ಇಳಿಜಾರು ಎದ್ದು ಕಾಣುತ್ತಿದ್ದರೆ ಆ ಹೊಲ ಬೇಡ, ಅದು ನಿಜವಾಗಿ ತುಂಬಾ ಕಡಿದಾಗಿದೆ. ಸಣ್ಣ ಇಳಿಜಾರಾದರೆ ಏರಿನ ಕಡೆಗೆ ಇಳಿಯಿರಿ, ಬೆನ್ನ ಹಿಂದೆ ಸ್ವಲ್ಪ ಗಾಳಿ ಇದ್ದರೂ ಪರವಾಗಿಲ್ಲ. ಕೊಯ್ಲಾದ ಹೊಲ ಒಳ್ಳೆಯದು. ಎತ್ತರದ ಪೈರು ರೆಕ್ಕೆಯನ್ನು ಹಿಡಿದು ಗಿರಕಿ ಹೊಡೆಸುತ್ತದೆ. ದನ ಇರುವ ಹೊಲವೂ ಬೇಡ, ಅವು ಕುತೂಹಲದ ಪ್ರಾಣಿಗಳು, ಗ್ಲೈಡರ್ ಮೈ ನೆಕ್ಕಲು, ಉಜ್ಜಲು ಬಂದೇ ಬರುತ್ತವೆ.

ಇದನ್ನೆಲ್ಲ ಬೋರ್ಡ್ ಮೇಲೆ ಬರೆದು ಕಲಿಸಿದರೆ ಬರುವುದಿಲ್ಲ. ಮೋಟಾರ್ ಗ್ಲೈಡರ್ ಇದ್ದರೆ ಒಂದು ಬೆಳಗ್ಗೆ ಅದಕ್ಕೇ ಮೀಸಲಿಡಿ. ಇಂಜಿನ್ ವೇಗ ತಗ್ಗಿಸಿ, ಹೊಲ ಆರಿಸು ಅನ್ನಿ, ಇಳಿಯುವವರ ಹಾಗೆ ಅಪ್ರೋಚ್ ಮಾಡಿಸಿ, ಸುರಕ್ಷಿತ ಎತ್ತರದಲ್ಲೇ ಮೇಲೇಳಿ. ಹತ್ತು ಸಲ. ಮಧ್ಯಾಹ್ನ ಅದರಲ್ಲಿ ಎರಡು ಹೊಲಗಳಿಗೆ ಕಾರಿನಲ್ಲಿ ಹೋಗಿ, ಹೊಲದವರನ್ನು ಕೇಳಿ ಒಳಗೆ ನಡೆದು ನೋಡಿ. ಮೇಲಿಂದ ಕಂಬಳಿ ಹಾಸಿದ ಹಾಗೆ ಕಂಡಿದ್ದರಲ್ಲಿ ಮೊಣಕಾಲು ಆಳದ ಕಾಲುವೆ ಇರುತ್ತದೆ. ಆ ಒಂದು ದಿನಕ್ಕೆ ಸಮ ಯಾವ ಪಾಠವೂ ಇಲ್ಲ.

ಇಂಜಿನ್ ಅಡಗಿಸಿಟ್ಟ ಹೊಸ ಗ್ಲೈಡರ್‌ಗಳು ಬಂದಿವೆ, ಈ ತೊಂದರೆ ಇನ್ನಿಲ್ಲ ಅಂತ ಕೆಲವರು ಹೇಳುತ್ತಾರೆ. ಇಂಜಿನ್ ಹೊತ್ತಿಕೊಳ್ಳದ ದಿನವೂ ಒಂದು ಬರುತ್ತದೆ. ಕೆಳಗೆ ಇಳಿಯುವ ಹೊಲ ಆರಿಸಿಟ್ಟುಕೊಂಡೇ ಗುಂಡಿ ಒತ್ತಬೇಕು. ಆದ್ದರಿಂದ ಆ ಪಾಠದಿಂದ ಯಾರಿಗೂ ರಿಯಾಯಿತಿ ಇಲ್ಲ.

ಸರಿ, ಸ್ಪರ್ಧೆಗೆ ಬರುತ್ತೇನೆ. ಸ್ಪರ್ಧೆ ಅಂದ ಕೂಡಲೇ ಹೊಸಬರು, "ಅಯ್ಯೋ, ನಾನಿನ್ನೂ ಅಷ್ಟು ಬೆಳೆದಿಲ್ಲ" ಅನ್ನುತ್ತಾರೆ. ನನ್ನ ಅನುಭವದಲ್ಲಿ ಇದು ಉಲ್ಟಾ. ಕ್ರಾಸ್ ಕಂಟ್ರಿ ಕಲಿಯಲು ಸ್ಪರ್ಧೆಗಿಂತ ಒಳ್ಳೆಯ ಶಾಲೆ ಇಲ್ಲ. ಯಾಕೆ ಗೊತ್ತಾ? ಬೇರೆ ದಿನಗಳಲ್ಲಿ ಹವಾಮಾನ ನೀವೇ ನೋಡಬೇಕು, ಟಾಸ್ಕ್, ಅಂದರೆ ಆ ದಿನ ಹಾರುವ ದಾರಿ, ನೀವೇ ಹಾಕಬೇಕು, ಟೋ ವಿಮಾನಕ್ಕೆ ಕಾಯಬೇಕು, ಟ್ರೇಲರ್ ತರುವವರನ್ನು ಬೇಡಿಕೊಳ್ಳಬೇಕು. ಅಷ್ಟರಲ್ಲಿ ದಿನವೇ ಮುಗಿದಿರುತ್ತದೆ. ಸ್ಪರ್ಧೆಯಲ್ಲಿ ಇದೆಲ್ಲ ಬೇರೆಯವರು ಮಾಡಿಟ್ಟಿರುತ್ತಾರೆ. ಬೆಳಗ್ಗೆ ಬ್ರೀಫಿಂಗ್, ಹೊರಡುವ ಜಾಗದಲ್ಲಿ ಸಾಲಾಗಿ ಗ್ಲೈಡರ್‌ಗಳು, ಮೊದಲು ಒಬ್ಬರು ಹೋಗಿ ಥರ್ಮಲ್ ಶುರುವಾಗಿದೆಯಾ ಮೂಸಿ ನೋಡುತ್ತಾರೆ, ಆಮೇಲೆ ಎಲ್ಲರೂ. ಮನೆಯಲ್ಲಿದ್ದರೆ "ಇವತ್ತು ಬೇಡ" ಅಂತ ಬಿಡುತ್ತಿದ್ದ ದಿನ ನೀವು 150 ಕಿ.ಮೀ. ಹಾರಿರುತ್ತೀರಿ.

ಹಳೆಯ ಗ್ಲೈಡರ್ ಇದೆ ಅಂತ ಹಿಂಜರಿಯಬೇಡಿ. ಹಳೆಯ ಗ್ಲೈಡರ್‌ಗಳ ಕ್ಲಬ್ ಕ್ಲಾಸ್‌ನಂಥ ವಿಭಾಗದಲ್ಲಿ ಹ್ಯಾಂಡಿಕ್ಯಾಪ್ ಇರುತ್ತದೆ, ನಿಧಾನದ ಗ್ಲೈಡರ್‌ಗೆ ಲೆಕ್ಕದಲ್ಲಿ ಹೊಂದಿಸಿ ಕೊಡುತ್ತಾರೆ. ಟಾಸ್ಕ್‌ಗಳಲ್ಲೂ ಒಂದು ಬಗೆ ಹೊಸಬರಿಗೆಂದೇ ಮಾಡಿದ ಹಾಗಿದೆ. ಅದರಲ್ಲಿ ಮುಟ್ಟಿ ತಿರುಗಬೇಕಾದ ಟರ್ನ್ ಪಾಯಿಂಟ್ ಒಂದು ಚುಕ್ಕಿಯಲ್ಲ, ದೊಡ್ಡ ವೃತ್ತ. ಸಮಯ ಇಷ್ಟು ಅಂತ ಕೊಡುತ್ತಾರೆ, ಎರಡೂವರೆ ಗಂಟೆ ಅಂತಿಟ್ಟುಕೊಳ್ಳಿ. ಪಳಗಿದವರು ವೃತ್ತದ ಒಳಗೆ ದೂರ ಹೋಗುತ್ತಾರೆ, ನೀವು ಅಂಚು ಮುಟ್ಟಿ ತಿರುಗಿ ಬರಬಹುದು. ಇಬ್ಬರೂ ಮನೆಗೆ ಬರುತ್ತೀರಿ. ಹೊಲದಲ್ಲಿ ಇಳಿದರೂ ಹೋದಷ್ಟು ದೂರಕ್ಕೆ ಅಂಕ ಇದೆ.

ವೇಗದ ಬಗ್ಗೆ ಒಂದೇ ಒಂದು ಲೆಕ್ಕ ಹೇಳಿ ಬಿಡುತ್ತೇನೆ. ಹೊಸಬರು ವೇಗ ಅಂದರೆ ಮೂತಿ ಕೆಳಗೆ ಮಾಡಿ ಜೋರಾಗಿ ಹೋಗುವುದು ಅಂದುಕೊಳ್ಳುತ್ತಾರೆ. 600 ಮೀಟರ್ ಏರಬೇಕು ಅಂದುಕೊಳ್ಳಿ. ಸೆಕೆಂಡಿಗೆ 1 ಮೀಟರ್ ಏರಿಸುವ ಥರ್ಮಲ್‌ನಲ್ಲಿ 10 ನಿಮಿಷ, 2 ಮೀಟರ್‌ನದರಲ್ಲಿ 5 ನಿಮಿಷ. ಆ 600 ಮೀಟರ್‌ನಲ್ಲಿ 15 ಕಿ.ಮೀ. ಜಾರಿದಿರಿ, ಗಂಟೆಗೆ 110 ಕಿ.ಮೀ. ವೇಗದಲ್ಲಿ ಅದು 8 ನಿಮಿಷದ ದಾರಿ. 120ರಲ್ಲಿ ಹೋದರೆ ಉಳಿಯುವುದು ಒಂದು ನಿಮಿಷವೂ ಅಲ್ಲ. ಥರ್ಮಲ್ ಸರಿಯಾಗಿ ಆರಿಸಿದರೆ ಉಳಿಯುವುದು ಐದು ನಿಮಿಷ. ಸಪ್ಪೆ ಥರ್ಮಲ್ ಸಿಕ್ಕಿದ್ದಕ್ಕೆಲ್ಲ ನಿಲ್ಲಬೇಡಿ, ಎತ್ತರ ಇದ್ದಾಗ. ಎತ್ತರ ಕಮ್ಮಿ ಇದ್ದಾಗ ಸಪ್ಪೆಯದೂ ದೇವರೇ.

ಇದನ್ನೇ ಅಮೆರಿಕದ ಗ್ಲೈಡರ್ ಪೈಲಟ್ ಪಾಲ್ ಮೆಕ್‌ಕ್ರೆಡಿ ವೇರಿಯೋಮೀಟರ್ ಸುತ್ತ ತಿರುಗಿಸುವ ಒಂದು ಬಳೆಯಾಗಿ ಮಾಡಿಕೊಟ್ಟರು. ಮುಂದಿನ ಥರ್ಮಲ್ ಎಷ್ಟು ಜೋರಿರುತ್ತದೆ ಅಂತ ಅದರಲ್ಲಿ ಗುರುತು ಇಟ್ಟರೆ, ಎಷ್ಟು ವೇಗದಲ್ಲಿ ಹೋಗಬೇಕು ಅಂತ ಅದು ತೋರಿಸುತ್ತದೆ. 1956ರಲ್ಲಿ ಅವರು ವಿಶ್ವ ಚಾಂಪಿಯನ್ ಆದರು. ಇವತ್ತಿನ ಕಂಪ್ಯೂಟರ್‌ಗಳ ಒಳಗೆ ಕೂತಿರುವುದೂ ಅದೇ ಬಳೆ. ಮೊದಲ ವರ್ಷ ಅದನ್ನು ಸಣ್ಣ ಅಂಕಿಯಲ್ಲೇ ಇಟ್ಟು ಮರೆತುಬಿಡಿ. ಹೊರಗೆ ನೋಡಿ.

ಹೊರಗೆ ನೋಡಿ ಅಂದೆ, ಅದು ಬರೀ ಮಾತಿಗಲ್ಲ. ಒಂದೇ ಥರ್ಮಲ್‌ನಲ್ಲಿ ಹದಿನೈದು ಗ್ಲೈಡರ್ ಸುತ್ತುತ್ತಿರುತ್ತವೆ. ಮೊದಲು ಬಂದವರು ಯಾವ ದಿಕ್ಕಿಗೆ ಸುತ್ತುತ್ತಿದ್ದಾರೋ ನೀವೂ ಅದೇ ದಿಕ್ಕು. ಒಳಗೆ ನುಗ್ಗಬೇಡಿ, ಹೊರಗಿನಿಂದ ಸೇರಿಕೊಳ್ಳಿ. ಯಾರನ್ನಾದರೂ ಕಳೆದುಕೊಂಡಿರಿ, ಎಲ್ಲಿದ್ದಾರೆ ಗೊತ್ತಾಗುತ್ತಿಲ್ಲ ಅಂದರೆ ಆ ಥರ್ಮಲ್ ಬಿಟ್ಟು ಹೋಗಿ. ಬೇರೆ ಗ್ಲೈಡರ್ ಡಿಕ್ಕಿಯಾಗುವ ಹಾಗಿದ್ದರೆ ಫ್ಲಾರ್ಮ್ ಯಂತ್ರ ಎಚ್ಚರಿಸುತ್ತದೆ ನಿಜ, ಆದರೆ ಗುಂಪಿನೊಳಗೆ ಅದು ಎಲ್ಲರ ಬಗ್ಗೆಯೂ ಕೂಗುತ್ತಿರುತ್ತದೆ. ಸ್ಪರ್ಧೆಗೆ ಹೋಗುವ ಮುಂಚೆ ಇಬ್ಬರು ಮೂವರು ಸೇರಿ ಸುತ್ತುವ ಅಭ್ಯಾಸ ಇರಲೇಬೇಕು. ಇದೊಂದರಲ್ಲಿ ನಾನು ರಾಜಿ ಆಗುವುದಿಲ್ಲ.

ಸಂಜೆಯ ಹೊತ್ತು ಕಲಿಯುವುದು ಇನ್ನೂ ಜಾಸ್ತಿ. ಎಲ್ಲರ ಲಾಗರ್ ಫೈಲೂ ಎಲ್ಲರಿಗೂ ಸಿಗುತ್ತದೆ. ಒಂದು ಸಲ ಗೆದ್ದವರ ಗೆರೆಯನ್ನೂ ನನ್ನ ಗೆರೆಯನ್ನೂ ಒಂದರ ಮೇಲೊಂದು ಇಟ್ಟು ನೋಡಿದೆ. ಒಂದೇ ಥರ್ಮಲ್‌ಗೆ ಜೊತೆಗೇ ಬಂದಿದ್ದೆವು. ಏರುವುದು ನಿಧಾನ ಆಗುತ್ತಲೇ ಅವರು ಹೊರಟಿದ್ದರು. ನಾನು ಇನ್ನೊಂದಿಷ್ಟು, ಇನ್ನೊಂದಿಷ್ಟು ಅಂತ ನಾಲ್ಕು ನಿಮಿಷ ಮೇಲಿದ್ದೆ, ಗಳಿಸಿದ್ದು 90 ಮೀಟರ್. ಹೀಗೆ ಆರು ಕಡೆ. ನನ್ನ ಸೋಲಿನ ಅರ್ಧ ಕತೆ ಅಲ್ಲೇ ಇತ್ತು.

ಸಿಮ್ಯುಲೇಟರ್ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಕಂಪ್ಯೂಟರ್‌ನಲ್ಲಿ ಗ್ಲೈಡರ್ ಹಾರಿಸುವ ಕಾಂಡೋರ್ ಆಡಿ, ಸ್ಪರ್ಧೆಯ ಸ್ಟಾರ್ಟ್ ಮತ್ತು ಕೊನೆಗೆ ಮನೆಗೆ ಜಾರುವ ಫೈನಲ್ ಗ್ಲೈಡ್ ಕಲಿಯಲು ಚೆನ್ನಾಗಿದೆ. ಭಯ ಮಾತ್ರ ಅದರಲ್ಲಿ ಬರುವುದಿಲ್ಲ.

ಈಗ ಬೋಧಕರಿಗೆ, ಸ್ವಲ್ಪ ಖಾರವಾಗಿಯೇ. ಒಳ್ಳೆಯ ಮೋಡ ಕಟ್ಟಿದ ಮಧ್ಯಾಹ್ನ ನಿಮ್ಮ ಎರಡು ಸೀಟಿನ ಗ್ಲೈಡರ್ ಏನು ಮಾಡುತ್ತಿರುತ್ತದೆ? ಆರು ನಿಮಿಷದ ಸರ್ಕ್ಯೂಟ್. ತಿಂಗಳಲ್ಲಿ ಒಂದೇ ಒಂದು ಒಳ್ಳೆಯ ದಿನ ಅದರ ಮುಂದಿನ ಸೀಟಿನಲ್ಲಿ ಸೋಲೋ ಆದವರನ್ನು ಕೂರಿಸಿ, ನೀವು ಹಿಂದೆ ಕೂತು, ಏರ್‌ಫೀಲ್ಡ್ ಕಾಣದಷ್ಟು ದೂರ ಹೋಗಿ ಬನ್ನಿ. ಗ್ಲೈಡರ್ ನಡೆಸುವ ಕಡ್ಡಿ ಅವರ ಕೈಯಲ್ಲೇ ಇರಲಿ. ನೀವು ಸುಮ್ನೆ ಮಾತಾಡುತ್ತಾ ಇರಿ: ಆ ಮೋಡದ ತಳ ಕಪ್ಪಗಿದೆ ನೋಡು, ಇದರ ಅಂಚು ಕರಗುತ್ತಿದೆ, ಇದು ಸತ್ತ ಮೋಡ.

ಅದಾದ ಮೇಲೆ 'ನನ್ನ ಹಿಂದೆ ಬನ್ನಿ' ಆಟ. ಕೋಚ್ ಒಂದು ಗ್ಲೈಡರ್‌ನಲ್ಲಿ, ಹಿಂದೆ ಇಬ್ಬರು ಹೊಸಬರು, ರೇಡಿಯೋದಲ್ಲಿ ಮಾತು. ಇಬ್ಬರಿಗಿಂತ ಜಾಸ್ತಿ ಬೇಡ, ಎಣಿಸುವುದರಲ್ಲೇ ದಿನ ಹೋಗುತ್ತದೆ. ಇದರಲ್ಲಿ ಕೋಚ್‌ಗೆ ಒಂದು ಕಷ್ಟ ಇದೆ. ಹಿಂದಿನವರು ಕೆಳಗೆ ಉಳಿದಾಗ, ಮೈಯೆಲ್ಲ ಉರಿದರೂ ಏರ್‌ಬ್ರೇಕ್ ತೆಗೆದು, ಗಳಿಸಿದ ಎತ್ತರ ಚೆಲ್ಲಿ ಅವರ ಮಟ್ಟಕ್ಕೆ ಇಳಿಯಬೇಕು. ಅದು ಆಗದವರು ಕೋಚ್ ಆಗಬೇಡಿ, ಸ್ಪರ್ಧೆಗೆ ಹೋಗಿ ಗೆಲ್ಲಿ.

ಇನ್ನೊಂದು ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೊಸಬರು ಹೆದರುವುದು ಹೊಲಕ್ಕಲ್ಲ, ಕ್ಲಬ್ಬಿನವರ ಗೊಣಗಾಟಕ್ಕೆ. "ಇರೋದು ಒಂದು ಸಿಂಗಲ್ ಸೀಟರ್, ಅದನ್ನೂ ಎಲ್ಲೋ ಇಳಿಸಿಬಿಟ್ಟ, ಈಗ ಯಾರು ಹೋಗ್ತಾರೆ?" ಈ ಒಂದು ಮಾತು ಕಿವಿಗೆ ಬಿದ್ದರೆ ಸಾಕು, ಆ ಹುಡುಗ ಮತ್ತೆ ಫೀಲ್ಡ್ ಬಿಟ್ಟು ಹೋಗುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ಹೋಗುತ್ತಾನೆ, ಆದರೆ ಮನೆಗೆ ಬರಲೇಬೇಕು ಅಂತ ತೀರಾ ಕೆಳಗೆ ಬಂದ ಮೇಲೂ ಎಳೆದಾಡುತ್ತಾನೆ. ತಂತಿಯ ಕತೆ ಹೇಳಿದೆನಲ್ಲ. ಆವತ್ತು ನನ್ನ ತಲೆಯಲ್ಲಿ ಇದ್ದದ್ದೂ ಇದೇ.

ಒಂದು ಕ್ಲಬ್ ಹೊಸಬರನ್ನು ನಿಜವಾಗಿ ದೂರ ಕಳಿಸಲು ಇಷ್ಟಪಡುತ್ತದಾ ಅಂತ ತಿಳಿಯಲು ನಾನು ಅಧ್ಯಕ್ಷರ ಭಾಷಣ ಕೇಳುವುದಿಲ್ಲ. ಹಿಂದೆ ಹೋಗಿ ಟ್ರೇಲರ್ ನೋಡುತ್ತೇನೆ. ಟೈರ್‌ನಲ್ಲಿ ಗಾಳಿ ಇಲ್ಲ, ದೀಪ ಉರಿಯಲ್ಲ, ಚಕ್ರದ ಸುತ್ತ ಹುಲ್ಲು ಬೆಳೆದಿದೆ ಅಂದರೆ ಉತ್ತರ ಸಿಕ್ಕಿತು.

25 ವಯಸ್ಸಿನವರೆಗಿನವರಿಗೆ 1999ರಿಂದಲೇ ಜೂನಿಯರ್ ವಿಶ್ವ ಸ್ಪರ್ಧೆ ನಡೆಯುತ್ತಿದೆ, ಮಹಿಳೆಯರ ವಿಶ್ವ ಸ್ಪರ್ಧೆ 2001ರಿಂದ ಇದೆ. ಬಾಗಿಲು ತೆರೆದೇ ಇದೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೈ ಎತ್ತಿದ. "ಸರ್, ಮೊದಲ ಸಲ ಹೊರಡೋಕೆ ಇವತ್ತೇ ಸರಿಯಾದ ದಿನ ಅಂತ ಹೇಗೆ ಗೊತ್ತಾಗುತ್ತೆ?"

ಮೋಡದ ತಳ 1500 ಮೀಟರ್ ಮೇಲಿರಬೇಕು, ಗಾಳಿ ಗಂಟೆಗೆ 20 ಕಿ.ಮೀ. ಒಳಗಿರಬೇಕು, ಮೋಡಗಳು ಒಂದಕ್ಕೊಂದು ಅಂಟಿಕೊಳ್ಳದೆ ಬಿಡಿಬಿಡಿಯಾಗಿ ಇರಬೇಕು, ಹಿಂದಿನ ರಾತ್ರಿ ನಿದ್ದೆ ಆಗಿರಬೇಕು ಅಂದೆ. ಅವನು ಬರೆದುಕೊಂಡ. ಮುಂದಿನ ವಾರ ಹವಾಮಾನ ಚೆನ್ನಾಗಿರೋ ಹಾಗಿದೆ, ಬರಲಾ ಅಂತ ಕೇಳಿದ.

"ಬಾ" ಅಂದೆ. "ಬರುವ ಮುಂಚೆ ನಿಮ್ಮ ಟ್ರೇಲರ್ ಟೈರ್‌ಗೆ ಗಾಳಿ ಹೊಡೆಸಿರು."